ಎಂಟು ಡ್ರಮ್ ಕೊಬ್ಬರಿ ಪುಡಿ

ಕಾರ್ಖಾನೆಯ ಶೆಡ್ಡಿನಲ್ಲಿ ಕೆಲಸದಾಕೆ ಸಣ್ಣತಾಯಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಕೈ ಹಾಕಿದಳು. ಕೊಬ್ಬರಿ ಪುಡಿ ಉದುರಲಿಲ್ಲ, ಮುದ್ದೆಯಾಗಿ ಕೈಗೆ ಬಂತು. ಎರಡನೆಯ ಡ್ರಮ್ ತೆಗೆದಳು. ಅದೂ ಹಾಗೆಯೇ. ಎಂಟನೆಯದನ್ನೂ ನೋಡಿ ಬಾಗಿಲಿಗೆ ಓಡಿದಳು.

"ಅಕ್ಕಾವ್ರೇ, ಬನ್ರೀ ಇಲ್ಲಿ! ಯಾರೋ ನೀರು ಹುಯ್ದವ್ರೆ!"

ಬೆಳಗಿನ ಏಳು ಗಂಟೆ. ಹಳೇಬೀಡಿನಿಂದ ಹುಲಿಕೆರೆಗೆ ಹೋಗುವ ದಾರಿಯಲ್ಲಿ ರತ್ನಪ್ರಭಾ ಅವರ ಕಾರ್ಖಾನೆ. ಹನ್ನೆರಡು ವರ್ಷದ ಹಿಂದೆ ಮೂವರು ಹೆಂಗಸರು ಅವರ ಅಡುಗೆಮನೆಯಲ್ಲಿ ಶುರು ಮಾಡಿದ್ದು. ಈಗ ನಲವತ್ತು ಜನ ದುಡಿಯುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಯೊಂದರ ಮೊದಲ ಆರ್ಡರ್ ಇದು. ಮಗಳು ಶ್ರಾವ್ಯ ಆಡಳಿತ ವಹಿಸಿಕೊಂಡ ಮೇಲೆ ತಾಯಿಯ ಕೈ ಸೋಕದೆ ತಯಾರಾದ ಮೊದಲ ಸರಕೂ ಇದೇ. ಹತ್ತು ಗಂಟೆಗೆ ಲಾರಿ ಬರಬೇಕಿತ್ತು.

ಶ್ರಾವ್ಯ ಪೊಲೀಸರಿಗೆ ಫೋನ್ ಮಾಡಲು ಹೊರಟಳು. ರತ್ನಪ್ರಭಾ ತಡೆದರು.

"ಮನೆ ವಿಷ್ಯ ಕಣೇ. ಸ್ಟೇಷನ್ ಯಾಕೆ?"

ಮಗಳು ಕೇಳಲಿಲ್ಲ.

* * *

ಸಬ್ ಇನ್ಸ್‌ಪೆಕ್ಟರ್ ಉಷಾರಾಣಿ ಹಾರನಹಳ್ಳಿಯ ಹೆಣ್ಣುಮಗಳು. ಚುರುಕು. ತಡ ಮಾಡುವುದೆಂದರೆ ಅವರಿಗೆ ಆಗದು. ಆ ದಿನ ಒಂದಿಷ್ಟು ತಡ ಮಾಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಹಳಹಳಿಸಿದ್ದಾರೆ.

"ಶೆಡ್ಡಿನ ಬೀಗದ ಕೈ ಯಾರ ಹತ್ರ?"

"ಹೊನ್ನಯ್ಯನ ಹತ್ರ," ಎಂದ ಮೋಹನ್‌ಕುಮಾರ್. ಹೊಸ ಸೂಪರ್‌ವೈಸರ್. ಅರಸೀಕೆರೆಯಿಂದ ಬಂದು ಆಗಷ್ಟೇ ಬಸ್ಸಿಳಿದಿದ್ದ, ಚೀಲ ಇನ್ನೂ ಹೆಗಲ ಮೇಲಿತ್ತು. "ಮೂರು ದಿನದ ಹಿಂದೆ ನನ್ನ ಮೇಲೆ ಕೂಗಾಡ್ದ ಮೇಡಂ. ನಿನ್ ಮಾತು ನಾನ್ಯಾಕೆ ಕೇಳ್ಬೇಕು ಅಂತ."

ಹೊನ್ನಯ್ಯ ಕೊಬ್ಬರಿ ಹುರಿಯುವವನು. ಬಿಳಿ ಬಣ್ಣ ಕೆಡದ ಹಾಗೆ ಹುರಿಯುವುದರಲ್ಲಿ ಎತ್ತಿದ ಕೈ. ಮೊದಲ ವರ್ಷದಿಂದಲೂ ಅಲ್ಲಿದ್ದಾನೆ. ಉಷಾರಾಣಿ ಅವನನ್ನು ಕರೆಸಿದರು.

"ಬೆಳಿಗ್ಗೆ ಶೆಡ್ ತೆಗೆದದ್ದು ನೀನೇನಾ?"

"ಹೂಂ. ಆರು ಗಂಟೆಗೆ."

"ಆಮೇಲೆ?"

"ಬಾಗ್ಲು ಸುಮ್ಕೆ ಎಳ್ದು ಟೀ ಕುಡಿಯಾಕೆ ಹೋದೆ. ದಿನಾ ಹೋಯ್ತೀನಿ."

"ವಾಪಸ್ ಬಂದಾಗ ಯಾರನ್ನಾದ್ರೂ ನೋಡಿದ್ಯಾ?"

ಹೊನ್ನಯ್ಯ ನೆಲ ನೋಡಿದ. ಬಾಯಿಗೆ ಬೀಗ. ಮೂರು ಸಲ ಕೇಳಿದರೂ ಅಷ್ಟೇ. ಉಷಾರಾಣಿಗೆ ಇನ್ನೇನು ಬೇಕು? ನಲವತ್ತು ಜನ ನೋಡುತ್ತಿದ್ದಂತೆ ಅವನನ್ನು ಜೀಪು ಹತ್ತಿಸಿ ಸ್ಟೇಷನ್ನಿಗೆ ಕಳಿಸಿದರು. ರತ್ನಪ್ರಭಾ ಕಂಬ ಹಿಡಿದು ನಿಂತಿದ್ದರು.

* * *

ಮಹಜರು ಬರೆಸುವುದಷ್ಟೇ ಬಾಕಿ. ಉಷಾರಾಣಿ ಶೆಡ್ಡಿನ ನಲ್ಲಿಯಲ್ಲಿ ಕೈ ತೊಳೆದು ಕರವಸ್ತ್ರದಲ್ಲಿ ಒರೆಸಿಕೊಂಡರು. ಬಿಳಿ ಬಟ್ಟೆ ಕೆಂಪಗಾಯಿತು.

"ಬೋರ್‌ವೆಲ್ ನೀರು ಮೇಡಂ. ತುಕ್ಕು," ಎಂದಳು ಸಣ್ಣತಾಯಮ್ಮ. "ನೆಲ ತೊಳೆಯಾಕೆ ಮಾತ್ರ."

ಉಷಾರಾಣಿ ಡ್ರಮ್ಮಿನ ಹತ್ತಿರ ವಾಪಸ್ ಹೋದರು. ಒದ್ದೆ ಮುದ್ದೆ ಹಾಲಿನಷ್ಟು ಬೆಳ್ಳಗಿತ್ತು. ಹಾಗಾದರೆ ಈ ನೀರು ನಲ್ಲಿಯದಲ್ಲ. ಪಕ್ಕದಲ್ಲೇ ನಲ್ಲಿ ಇರುವಾಗ ಹೊನ್ನಯ್ಯ ಬೇರೆ ಕಡೆಯಿಂದ ನೀರು ಹೊತ್ತು ತರುತ್ತಾನೆಯೇ?

ಶೆಡ್ಡಿಗೂ ಮನೆಗೂ ನಡುವೆ ಒಂದು ಬಾವಿ. ಬಗ್ಗಿ ನೋಡಿದರು. ಮೇಲೆ ಬೇವಿನ ಮರ. ನೀರಿನ ತುಂಬ ಬೇವಿನ ಹೂವು, ಕಸ. ಮತ್ತೆ ಡ್ರಮ್ಮಿಗೆ ಕೈ ಹಾಕಿ ಮುದ್ದೆಗಳನ್ನು ಒಂದೊಂದಾಗಿ ಒಡೆದರು. ಒಂದೇ ಒಂದು ಹೂವಿನ ಎಸಳೂ ಸಿಗಲಿಲ್ಲ. ಎಂಟರಲ್ಲೂ ಇಲ್ಲ.

ಉಷಾರಾಣಿಗೆ ತಲೆ ಕೆಟ್ಟುಹೋಯಿತು. ಸರಕು ಹಾಳು ಮಾಡಲು ಬಂದವರು ಅಷ್ಟು ಚೊಕ್ಕ ನೀರನ್ನು ಯಾಕೆ ತಂದರು?

* * *

ಶ್ರಾವ್ಯಳ ಕೋಣೆಯ ಗೋಡೆಯ ಮೇಲೆ ದೊಡ್ಡ ನಕ್ಷೆ. ಚೌಕಗಳು, ಹೆಸರುಗಳು, ಗೆರೆಗಳು. ಯಾರು ಯಾರಿಗೆ ಉತ್ತರ ಹೇಳಬೇಕೆಂಬ ಲೆಕ್ಕಾಚಾರ.

"ಸಂಸ್ಥೆ ಬೆಳೀಬೇಕಾದ್ರೆ ಎಲ್ಲರೂ ಅಮ್ಮನನ್ನೇ ಕೇಳ್ಕೊಂಡು ನಿಂತ್ರೆ ಆಗಲ್ಲ ಮೇಡಂ. ಅದಕ್ಕೇ ಮಾಡ್ಸಿದ್ದು."

ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ 'ರತ್ನಪ್ರಭಾ, ಮಾರ್ಗದರ್ಶಕರು' ಎಂದಿತ್ತು. ಆ ಚೌಕದಿಂದ ಯಾರಿಗೂ ಗೆರೆ ಎಳೆದಿರಲಿಲ್ಲ.

"ಇವರು ಯಾರ ಜೊತೆ ಕೆಲಸ ಮಾಡ್ತಾರೆ?"

ಶ್ರಾವ್ಯ ನಕ್ಷೆಯತ್ತ ತಿರುಗಿದಳು. ಆ ಚೌಕದ ಸುತ್ತ ಬೆರಳಾಡಿಸಿ ಗೆರೆ ಹುಡುಕಿದಳು.

ಅಷ್ಟರಲ್ಲಿ ರತ್ನಪ್ರಭಾ ಇಬ್ಬರನ್ನೂ ಮನೆಯೊಳಗೆ ಕರೆದರು. ಬಿಸಿಲಲ್ಲಿ ಅಲೆದ ಹೆಣ್ಣುಮಗಳಿಗೆ ನೀರಾದರೂ ಕೊಡಬೇಡವೇ? ಬಿಂದಿಗೆಯ ಬಾಯಿಗೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಕಿ ಬಾವಿ ನೀರು ಸೋಸಿದರು. ಲೋಟ ತುಂಬಿ ಕೊಟ್ಟರು. ಆಮೇಲೆ ಸೋಸಿದ ನೀರಿನಲ್ಲೇ ಬಟ್ಟೆ ಜಾಲಾಡಿ, ಆ ನೀರನ್ನು ಪುಟ್ಟ ಪಾತ್ರೆಯಲ್ಲಿ ಬಾವಿಗೆ ಇಳಿಸಿ ಬಂದೇ ಕೂತರು. ಬಟ್ಟೆಯಲ್ಲಿ ಸಿಕ್ಕ ಸಣ್ಣ ಜೀವಗಳು ಸಾಯಬಾರದು, ಬಂದ ನೀರಿಗೇ ಹೋಗಿ ಸೇರಬೇಕು. ಜೈನರ ಮನೆಯಲ್ಲಿ ಹುಟ್ಟಿದಾಗಿನಿಂದ ಕೈಗೆ ಹತ್ತಿದ ರೂಢಿ.

ಉಷಾರಾಣಿ ಲೋಟ ಕೆಳಗಿಟ್ಟರು.

"ಶ್ರಾವ್ಯ, ನೀವೂ ಹೀಗೇ ಸೋಸ್ತೀರಾ?"

"ಇಲ್ಲ ಮೇಡಂ. ನಂದು ಪುಟ್ಟ ಫಿಲ್ಟರ್ ಮೆಷಿನ್ ನೀರು, ನನ್ನ ಬಾಟಲಿ ತುಂಬೋಕಷ್ಟೇ ಸಾಲುತ್ತೆ. ಈಗ ಈ ಬಟ್ಟೆ ಮುಟ್ಟೋದು ಅಮ್ಮ ಒಬ್ಬರೇ."

"ಹಾಗಾದ್ರೆ ಡ್ರಮ್ಮಿಗೆ ನೀರು ಹಾಕಿದ್ದೂ ಅಮ್ಮನೇ." ಉಷಾರಾಣಿ ರತ್ನಪ್ರಭಾ ಕಡೆ ತಿರುಗಿದರು. "ನಲ್ಲಿ ನೀರಾಗಿದ್ರೆ ಪುಡಿ ಕೆಂಪಾಗ್ತಿತ್ತು. ಬಾವಿಯಿಂದ ಹಾಗೇ ಸೇದಿ ಹುಯ್ದಿದ್ರೆ ಬೇವಿನ ಹೂವು ಸಿಗ್ತಿತ್ತು. ಎರಡೂ ಇಲ್ಲ. ಹೊನ್ನಯ್ಯ ಟೀಗೆ ಹೋಗೋ ಹೊತ್ತು ನಿಮಗೆ ಗೊತ್ತು. ಹಾಳು ಮಾಡೋಕೆ ಹೊರಟಾಗ್ಲೂ ನಿಮ್ಮ ಕೈ ಸೋಸದೆ ನೀರು ಎತ್ತಲಿಲ್ಲ ಅಮ್ಮ."

ರತ್ನಪ್ರಭಾ ಅಲ್ಲಗಳೆಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡರು.

"ಎರಡು ತಿಂಗಳಾಯ್ತು. ಒಬ್ರೂ ನನ್ನ ಏನೂ ಕೇಳಿಲ್ಲ. ಹದ ಸಾಕಾ ಅಂತ ಹೊನ್ನಯ್ಯ ಕೂಡ ಕೇಳ್ಲಿಲ್ಲ. ಸೂಪರ್‌ವೈಸರ್‌ನ ಕೇಳು ಅಂದಿದ್ರಂತೆ. ಒಂದು ಸಲ ಕೆಟ್ರೆ ಮತ್ತೆ ನನ್ನ ಕರೀತಾರೆ ಅನ್ಕೊಂಡೆ."

"ನಿನ್ನ ಎಲ್ಲರಿಗಿಂತ ಮೇಲೆ ಕೂರ್ಸಿದ್ದೆ ಅಮ್ಮ," ಎಂದಳು ಶ್ರಾವ್ಯ. "ಅದೇ ಗೌರವ ಅನ್ಕೊಂಡಿದ್ದೆ. ನಿಂಗೆ ಏನು ಕೆಲಸ ಬೇಕು ಅಂತ ಒಂದು ಮಾತು ಕೇಳ್ಬೇಕಿತ್ತು."

"ಹೊನ್ನಯ್ಯನ್ನ ಜೀಪು ಹತ್ತಿಸುವಾಗ ಯಾಕೆ ಸುಮ್ಮನಿದ್ರಿ?" ಉಷಾರಾಣಿ ಕೇಳಿದರು.

ರತ್ನಪ್ರಭಾ ಸೋಸುವ ಬಟ್ಟೆಯನ್ನು ಮಡಿಸತೊಡಗಿದರು. ಕೇಳಿದವರಿಗೂ ನಾಚಿಕೆಯಾಯಿತು, ಹತ್ತಿಸಿದ್ದು ತಾವೇ ತಾನೆ.

* * *

ಶ್ರಾವ್ಯ ದೂರು ವಾಪಸ್ ತೆಗೆದುಕೊಂಡಳು. ಮಧ್ಯಾಹ್ನ ಒಂದು ಗಂಟೆಗೆ ರತ್ನಪ್ರಭಾ ಸ್ಟೇಷನ್ನಿಗೆ ಬಂದರು. ಹೊನ್ನಯ್ಯ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ.

"ತಪ್ಪಾಯ್ತು ಹೊನ್ನಯ್ಯ. ನಾನೇ ಮಾಡಿದ್ದು."

"ಗೊತ್ತು ಕಣಮ್ಮ. ಟೀ ಕುಡ್ದು ಬತ್ತಾ ನೋಡ್ದೆ. ಬಿಂದಿಗೆ ಹಿಡ್ಕಂಡು ಶೆಡ್ಡಿಂದ ಹೊರಕ್ಕೆ ಬತ್ತಿದ್ರಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಎಂದರು ಉಷಾರಾಣಿ.

"ಅಮ್ಮಾವ್ರೇ ಹೇಳ್ತಾರೆ ಅನ್ಕಂಡೆ ಮೇಡಂ. ಜೀಪು ಹತ್ತೋವಾಗ್ಲೂ ಅನ್ಕಂಡೆ. ಗೇಟು ದಾಟೋಗಂಟ ಅನ್ಕಂಡೆ."

ರತ್ನಪ್ರಭಾ ಅವನ ಕೈ ಹಿಡಿದುಕೊಂಡರು. "ನಾಳೆ ಬಾ. ಎಲ್ಲರ ಮುಂದೆ ನಾನೇ ಹೇಳ್ತೀನಿ."

"ಹೇಳಿ. ನನ್ ಹೆಂಡ್ರು ಮಕ್ಕಳು ತಲೆ ಎತ್ಕಂಡು ಓಡಾಡ್ಲಿ." ಹೊನ್ನಯ್ಯ ಮೆಲ್ಲಗೆ ಕೈ ಬಿಡಿಸಿಕೊಂಡ. "ನಾನು ಬರಕ್ಕಿಲ್ಲ ಕಣಮ್ಮ."

ಅವನು ಚಪ್ಪಲಿ ಮೆಟ್ಟಿ ಬಿಸಿಲಿಗಿಳಿದ. ರತ್ನಪ್ರಭಾ ಬಾಗಿಲವರೆಗೂ ಹೋದರು. ಹನ್ನೆರಡು ವರ್ಷ ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಕೂಗಿದವನನ್ನು ಈಗ ಕರೆಯಲು ಅವರಿಗೆ ಬಾಯಿ ಬರಲಿಲ್ಲ.