ಅವ್ವನ ಉಪ್ಪುನೀರು

“ಥೂ! ಉಸುಕು!”

ನಾಲ್ಕು ವರ್ಷದ ಭೀಮ್ಯಾ ತುತ್ತು ಉಗುಳಿ ಗಂಗಾಳ ದೂಡಿದ. “ಇದು ಅವ್ವನ ಬ್ಯಾಳಿ ಅಲ್ಲ. ನಾ ಉಣ್ಣಂಗಿಲ್ಲ.”

ಅಕ್ಕ ಚಂದಮ್ಮನ ಕಣ್ಣು ತುಂಬಿದವು. ಅವ್ವ ಜ್ವರದಿಂದ ತೀರಿಕೊಂಡ ಮೇಲೆ ಒಲೆ ಅವಳ ಪಾಲಿಗೆ ಬಂದಿತ್ತು. ನಿನ್ನೆಯ ಬೇಳೆಯೂ ಕೆಟ್ಟಿತ್ತು. “ನಮ್ಮನ್ಯಾಗ ಪಾಕೀಟಿನ ಪುಡಿ ಉಪ್ಪೇ ತರ್ತಾರ, ಹರಳುಪ್ಪು ಯಾರ್ ತಿಂತಾರ?” ಎಂದಿದ್ದಳು ಶಾಲೆಯ ಗೆಳತಿ ಶಾಮಲಾ. ಚಂದಮ್ಮ ಪಾಕೀಟು ತಂದು, ಅವ್ವನ ಹಾಗೆಯೇ ಡಬ್ಬಿಯ ಮುಚ್ಚಳದ ತುಂಬ ಅಳೆದು ಸುರಿದಿದ್ದಳು. ಹರಳಿನ ಅಳತೆ ಪುಡಿಗೆ ಹೊಂದುತ್ತದೆಯೇ? ಬೇಳೆ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು.

ಅದಕ್ಕೇ ಇವತ್ತು ಅಂಗಡಿಯ ಹೊರಗೆ ಚೀಲದಲ್ಲಿ ತೆರೆದಿಟ್ಟ ಹರಳುಪ್ಪು ತಂದಿದ್ದಳು. “ಜಾಡ ಮೀಠ? ಜನಾವರಾಂಸಾಠಿ ಕಾಯ್?” ಎಂದು ಅಂಗಡಿಯ ಮರಾಠಿ ಶೇಠ್ ನಕ್ಕಿದ್ದ. ದನಗಳಿಗಾ ಎಂದು ಕೇಳಿದ್ದು ಅವಳಿಗೆ ತಿಳಿಯಿತು. “ಮಾಣಸಾಂಸಾಠಿ. ಮನುಷ್ಯಾರಿಗೆ!” ಎಂದು ತಿರುಗಿ ಹೇಳಿ ಬಂದಿದ್ದಳು.

“ಹರಳುಪ್ಪು ಹಂಗ ಸುರಿಯೂದಲ್ಲ, ಅಕ್ಕಿ ಆರಿಸಿದಂಗ ಕೂತು ಆರಿಸಬೇಕು,” ಎಂದಳು ಊರಿಂದ ಬಂದಿದ್ದ ಸಕ್ಕುಬಾಯಿ ಅತ್ತೆ. ಆಮೇಲೆ ಅಪ್ಪನ ಕಡೆ ತಿರುಗಿದಳು. “ಹುಸೇನಪ್ಪಾ, ತಾಯಿ ಹೋದಾಗಿಂದ ಕೂಸು ಹೊಟ್ಟಿ ತುಂಬ ಉಂಡಿಲ್ಲ. ನಾಳಿನೂ ಉಣ್ಣಲಿಲ್ಲಂದ್ರ ನನ್ನ ಕೂಡ ಊರಿಗೆ ಕರಕೊಂಡು ಹೋಗಾಕಿ ನಾ.”

ಭೀಮ್ಯಾನ ಅಂಗಿಗಳನ್ನು ಆಗಲೇ ಗಂಟು ಕಟ್ಟಿಟ್ಟಿದ್ದಳು.

ಅವ್ವ ಹೇಗೆ ಮಾಡುತ್ತಿದ್ದಳೆಂದು ಚಂದಮ್ಮನಿಗೆ ಗೊತ್ತಿತ್ತು. ಬಟ್ಟಲಿಗೆ ಹರಳುಪ್ಪು ಹಾಕಿ, ನೀರು ಸುರಿದು, ಕರಗಿದ ಮೇಲೆ ತಿಳಿಯನ್ನಷ್ಟೇ ಬೇಳೆಗೆ ಬಗ್ಗಿಸುತ್ತಿದ್ದಳು. “ಯಾಕವ್ವಾ ಹಿಂಗ?” ಎಂದರೆ, “ನಮ್ಮೂರ ಪದ್ಧತಿ,” ಎಂದು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಗುತ್ತಿದ್ದಳು. ಒಮ್ಮೆ, ದುಡಿಯಲು ಬಂದ ಭೋಸರಿಯ ಈ ಪತ್ರಾಸಿನ ತಗಡಿನ ಗುಡಿಸಲಿಗೆ ಬಂದ ಶಾಮಲಾ ಅದನ್ನು ಕಂಡು, “ಅಯ್ಯ, ಉಪ್ಪಿನ ನೀರಾ! ಎಂಥಾ ಹಳ್ಳಿ ಗಮಾರರವ್ವಾ!” ಎಂದಿದ್ದಳು. ಅಂದಿನಿಂದ ಆ ಬಟ್ಟಲು ಕಂಡರೇ ಚಂದಮ್ಮನಿಗೆ ನಾಚಿಕೆ.

ಮರುದಿನ ಬೆಳಿಗ್ಗೆ ಕೂಲಿಯಾಳುಗಳ ಮುಕಾದಮ ಬಾಗಿಲಲ್ಲಿ ನಿಂತಿದ್ದ. “ಹುಸೇನ್, ತುಝಿ ಜೋಡಿ ಕುಠೆ?”

ಜೋಡಿ ಎಲ್ಲಿ! ಅವನ ಕಟ್ಟಡದ ಕೆಲಸಕ್ಕೆ ಗಂಡಾಳು ಒಬ್ಬನೇ ಬರುವಂತಿಲ್ಲ, ಜೋಡಿಯಾಗಿಯೇ ಬರಬೇಕು; ಇಷ್ಟು ದಿನ ಅಪ್ಪನ ಜೋಡಿ ಅವ್ವನೇ. ಅವನ ಹತ್ತಿರ ಸಾವಿಗೂ ರಜೆ ಇರಲಿಲ್ಲ. ಅಪ್ಪ ತಲೆ ತಗ್ಗಿಸಿದ. ಚಂದಮ್ಮ ಶಾಲೆಯ ಪಾಟೀಚೀಲವನ್ನು ಗೂಟಕ್ಕೆ ತೂಗುಹಾಕಿ ಅಪ್ಪನ ಹಿಂದೆ ನಡೆದಳು.

ಇಡೀ ದಿನ ಸಿಮೆಂಟು, ಉಸುಕು, ನೀರು. ಕಲಸಿದ್ದನ್ನು ಬುಟ್ಟಿಗೆ ತುಂಬಿ ತುಂಬಿ, ಸಂಜೆಯ ಹೊತ್ತಿಗೆ ಬೆರಳ ತುದಿಗಳು ಬಿರಿದಿದ್ದವು.

ಮನೆಗೆ ಬಂದು ಬೇಳೆ ಬೇಯಲಿಟ್ಟಳು. ಮೊರದಲ್ಲಿ ಹರಳುಪ್ಪು ಹರವಿಕೊಂಡು ಆರಿಸಲು ಕೂತಳು. ಮೊದಲ ಹರಳು ಮುಟ್ಟಿದ್ದೇ ತಡ, “ಅವ್ವಾ!” ಎಂದು ಚೀರಿದಳು. ಬಿರಿದ ಬೆರಳಿಗೆ ಕೆಂಡ ಇಟ್ಟಂತಾಗಿತ್ತು.

ಬೆರಳುಗಳನ್ನು ಬಾಯಲ್ಲಿಟ್ಟುಕೊಂಡು ಚೀಪಿದಳು. ಆಮೇಲೆ ಎದ್ದು ಅವ್ವನ ಬಟ್ಟಲು ತಂದಳು. ಮುಚ್ಚಳದಿಂದ ಉಪ್ಪು ಅಳೆದು ಹಾಕಿ ನೀರು ಸುರಿದಳು.

“ಇದ್ಯಾವ ಪದ್ಧತಿ ಚಂದೂ?” ಅತ್ತೆ ಬೆರಗಾದಳು. “ನಮ್ಮೂರಾಗೂ, ನಿಮ್ಮವ್ವನ ತವರಾಗೂ ಯಾರೂ ಹಿಂಗ ಮಾಡಂಗಿಲ್ಲ.”

“ಯಾರೂ ಇಲ್ಲೇನತ್ತಿ?”

“ಒಬ್ಬರೂ ಇಲ್ಲ.”

ಚಂದಮ್ಮ ಬಟ್ಟಲನ್ನೇ ನೋಡುತ್ತ ನಿಂತಳು. ಉಸುಕು ಮೆಲ್ಲಗೆ ತಳಕ್ಕಿಳಿಯುತ್ತಿತ್ತು.

ಭೀಮ್ಯಾ ರೊಟ್ಟಿ ಅದ್ದಿ ಒಂದು ತುತ್ತು ತಿಂದ. ಇನ್ನೊಂದು ತಿಂದ. ಗಂಗಾಳ ಬಳಿದು ನೆಕ್ಕಿದ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅತ್ತೆ ಅಂಗಿಗಳ ಗಂಟು ಬಿಚ್ಚಿದಳು.

“ಅಕ್ಕಾ, ಉಪ್ಪು ಯಾಕ ನೀರಾಗ ಹಾಕ್ದಿ?”

ಚಂದಮ್ಮ ಬೆರಳುಗಳನ್ನು ಪರಕಾರದ ನೆರಿಗೆಯೊಳಗೆ ಮುಚ್ಚಿಕೊಂಡಳು.

“ನಮ್ಮೂರ ಪದ್ಧತಿ,” ಎಂದಳು, ಅವ್ವನಂತೆಯೇ ನಕ್ಕು.