ಟ್ಯೂಬಿನಲ್ಲಿ ಸಿಗದ ಉತ್ತರ

ಲ್ಯಾಬಿನವನು ತೆಗೆಯಲು ಬಂದದ್ದು ಅಮ್ಮನ ರಕ್ತವನ್ನಲ್ಲ, ತನ್ನದನ್ನು ಎಂದು ತಿಳಿದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮರೆವು ಇರೋದು ಅಮ್ಮನಿಗೆ. ನನಗಲ್ಲ."

"ಅದಕ್ಕೇ ನಿಮ್ಮದು ಬೇಕು," ಎಂದ ಅವನು, ನಗು ತಡೆದುಕೊಂಡು.

ಆಲ್ಜೈಮರ್ ಕಾಯಿಲೆಯಲ್ಲಿ ಹೆಂಗಸರ ಮಿದುಳಿನ ರಾಸಾಯನಿಕಗಳು ಗಂಡಸರದಕ್ಕಿಂತ ಬೇರೆ ರೀತಿ ಏರುಪೇರಾಗುತ್ತವೆಯೇ ಎಂಬುದು ಅವನ ಲ್ಯಾಬಿನ ಸಂಶೋಧನೆ. ಹೋಲಿಸಿ ನೋಡಲು ರೋಗಿಗಳ ಮಕ್ಕಳ ರಕ್ತವೂ ಬೇಕಿತ್ತು. ಟ್ಯೂಬು ಯಾರದೆಂಬುದು ಪರೀಕ್ಷೆ ಮಾಡುವವರಿಗೆ ಗೊತ್ತಿರಬಾರದು. ಫಲಿತಾಂಶವನ್ನು ಯಾರಿಗೂ ಹೇಳುವಂತಿರಲಿಲ್ಲ.

ಅಮ್ಮ ರೇಡಿಯೋದಲ್ಲಿ ಉದ್ಘೋಷಕಿಯಾಗಿದ್ದವಳು, ಅರಳು ಹುರಿದಂತೆ ಮಾತು. ಮೊದಮೊದಲು ಡಾಕ್ಟರು ಕೆಲವು ಪದಗಳನ್ನು ನೆನಪಿಟ್ಟು ಹೇಳಿ ಎಂದಾಗ ಅಷ್ಟನ್ನೂ ಒಪ್ಪಿಸಿ ಅವರನ್ನೇ ನಗಿಸಿ ಬಂದಿದ್ದಳು. ಆ ಮಾತಿನ ಮರೆಯಲ್ಲಿ ಕಾಯಿಲೆ ಬೆಳೆದದ್ದು ಮಗಳಿಗೂ ತಿಳಿಯಲಿಲ್ಲ. ಈಗ ಮುಂಬಾಗಿಲಿಗೆ ಸದಾ ಬೀಗ. ಅಮ್ಮ ಬಾಲದಂತೆ ಮಗಳ ಹಿಂದೆಯೇ, ಸ್ನಾನದ ಮನೆಯವರೆಗೂ. ಗೆಳತಿಯರು ಕರೆಯುವುದನ್ನು ಬಿಟ್ಟಿದ್ದರು. ಉಸಿರು ಕಟ್ಟುತ್ತದೆ ಎಂದು ಹೇಳಿಕೊಳ್ಳಲು ಕೂಡ ಅವಳಿಗೆ ಯಾರೂ ಇರಲಿಲ್ಲ.

ಅವನು ಬರತೊಡಗಿದ. ಮೊದಲು ಸಂಶೋಧನೆಗೆ, ಆಮೇಲೆ ಸೂಜಿಯಿಲ್ಲದೆ. ಪ್ರತಿ ಸಲವೂ ಅಮ್ಮ ಅವನನ್ನು ಇಂದಿನ ಅತಿಥಿಯೆಂದು ಪರಿಚಯಿಸಿ ಸಂದರ್ಶನ ಮಾಡುವಳು. ಅವನು ಗಂಭೀರವಾಗಿ ಉತ್ತರಿಸುತ್ತ ಓರೆಗಣ್ಣಲ್ಲಿ ಇವಳನ್ನು ಹುಡುಕುವನು. ಸಿಕ್ಕಿಬಿದ್ದಾಗ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡಲೆಂದೇ ಅವಳು ಎದುರಿಗೆ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಮದುವೆಯಾಗೋಣವೇ ಎಂದು ಕೇಳಿಯೇಬಿಟ್ಟ.

ಅವಳಿಗೆ ಜೀವ ಹಗುರಾಯಿತು. ಮರುಕ್ಷಣವೇ ಭಯ ಬಂದು ಕೂತಿತು.

"ನನಗೂ ಅಮ್ಮನ ಬಾಯೇ ಬಂದಿದೆ. ನಾನು ಮರೆಯೋಕೆ ಶುರು ಮಾಡಿದ್ರೂ ಮಾತಲ್ಲೇ ಮುಚ್ಚಿಹಾಕ್ತೀನಿ. ನೀನು ನಗ್ತಾ ಕೂತಿರ್ತೀಯ, ಅಷ್ಟೊತ್ತಿಗೆ ಕೈಮೀರಿರತ್ತೆ. ನನ್ನ ರಿಸಲ್ಟ್ ತಿಳ್ಕೊಂಡು ಬಾ, ಆಮೇಲೆ ಕೇಳು."

"ಅದು ನನಗೆ ಸಿಗಲ್ಲ. ಸಿಕ್ಕರೂ, ಮುಂದೇನಾಗತ್ತೆ ಅಂತ ಅದು ಹೇಳಲ್ಲ."

ಎಲ್ಲ ಸರಿಯಿದೆ ಎಂದು ಒಂದು ಸುಳ್ಳು ಹೇಳಬಾರದಿತ್ತೇ? ಅವಳಿಗೆ ಸಿಟ್ಟೇ ಬಂತು. ಅಷ್ಟರಲ್ಲಿ ಅಮ್ಮ ಒಳಗೆ ಬಂದು, ನೀವು ಯಾರು, ಬಂದ ವಿಷಯವೇನು ಎಂದು ಅವನನ್ನು ವಿಚಾರಿಸಿದಳು. ನಿಮ್ಮ ಮಗಳನ್ನು ಮದುವೆಗೆ ಕೇಳಲು ಬಂದೆ ಎಂದ.

"ಅವಳು ಏನಂದಳು?"

"ಇನ್ನೂ ಒಪ್ಪಿಲ್ಲ. ಅವರಿಗೆ ಭಯ ಇದೆ. ನನಗೂ ಇದೆ."

ಅಮ್ಮ ತಲೆಯಾಡಿಸಿ ಕಿಟಕಿಯತ್ತ ಹೋದಳು. ತಿರುಗಿ ಬಂದು ಮತ್ತೆ ಅದನ್ನೇ ಕೇಳಿದಳು. ಅವನು ಅದೇ ಮೆಲುದನಿಯಲ್ಲಿ ಅದೇ ಉತ್ತರ ಕೊಟ್ಟ. ನಿಂತ ಹಾಗೇ ಮರೆತುಬಿಡುವವಳಿಗೂ ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ಆಗ ಮಗಳಿಗೆ ಹೊಳೆಯಿತು.

"ಅವಳು ಏನಂದಳು?" ಎಂದು ಅಮ್ಮ ಮೂರನೆಯ ಸಲ ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಅವಳು, "ಒಪ್ಪಿದೆ, ಅಮ್ಮ," ಎಂದಳು.

ಅಮ್ಮ ಇಬ್ಬರ ಕೆನ್ನೆಯನ್ನೂ ಸವರಿದಳು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೇಳಿದಳು. ಅವಳು ಮತ್ತೆ ಹೇಳಿದಳು, ಈ ಸಲ ಅವನನ್ನೇ ನೋಡುತ್ತ.