ಮೊದಲ ಕಾವಲುಗಾರ

"ಲಾಕ್ ಆಯ್ತು ಕಣೋ! ಅಲ್ಲೇ ಹೆಪ್ಪುಗಟ್ಟು!"

ಸ್ಪೀಕರಿನಲ್ಲಿ ಮ್ಯಾನೇಜರನ ನಗು. ನಾನು ಔಷಧಿ ಗೋದಾಮಿನ ಕೋಲ್ಡ್ ರೂಮಿನೊಳಗೆ. ಮೈಮೇಲೆ ಬರೀ ಶರಟು.

"ಬಾಗಿಲು ತೆಗಿಯೋ!"

"ನಿಮ್ಮತ್ತಿಗೆ ಜೈಲಿಗೆ ಹೋದ್ಮೇಲೆ!"

ಆ ಚಳಿಯಲ್ಲೂ ನನಗೆ ಮೈಯೆಲ್ಲ ಉರಿಯಿತು!

ಕೇಳಿ... ಸಾಫ್ಟ್‌ವೇರ್ ಕೆಟ್ಟರೆ ಜನ ನನ್ನನ್ನು ಕರೆಸುತ್ತಾರೆ. ಅತ್ತಿಗೆ ಈ ಗೋದಾಮಿನ ಸೂಪರ್‌ವೈಸರ್. ಯಾರೋ ಕೂಲರ್ ಆರಿಸಿದ್ದರು. ಮಕ್ಕಳ ಲಸಿಕೆಯೆಲ್ಲ ಹಾಳು. ಯಾರು ಏನು ಮಾಡಿದರೆಂದು ಬರೆದಿಡುವ ಲಾಗ್‌ನಲ್ಲಿ ಅತ್ತಿಗೆಯ ಹೆಸರು!

"ನಾನು ಮುಟ್ಟೇ ಇಲ್ಲ ಕಣೋ," ಎಂದು ಅತ್ತರು. ಸಂಜೆ ಪೊಲೀಸರು ಬರುವವರಿದ್ದರು.

ಕೋಡ್ ಬಿಚ್ಚಿದೆ.

ಇಲ್ಲಿ ಕೂಲರ್, ಬಾಗಿಲು ಎಲ್ಲವನ್ನೂ ಆಡಿಸುವುದು ಜಾವಾ ಬೀನ್ ಎಂಬ ಒಂದು ಪ್ರೋಗ್ರಾಂ ತುಣುಕು. ಫೋನಿನಿಂದ ಕೊಟ್ಟ ಆರ್ಡರ್ ಅದನ್ನು ಮುಟ್ಟುವ ಮೊದಲು ಅಡ್ಡಹಾಕುವ ಕಾವಲುಗಾರರೇ ಇಂಟರ್‌ಸೆಪ್ಟರ್‌ಗಳು. ಒಬ್ಬ 'ಪ್ರೊಸೀಡ್' ಎಂದರೆ ಮಾತ್ರ ಮುಂದಿನವನ ಪಾಳಿ. ಆ ಬೀನ್‌ನ ಕೋಡಿಗೆ, ಅಂದರೆ ಕ್ಲಾಸಿಗೆ, ಮೂವರಿದ್ದರು. ಬರೆದ ಸರದಿಯಲ್ಲೇ ಓಡುತ್ತಾರೆ. ಮೊದಲನೆಯವ ಅಧಿಕಾರ ಇದೆಯೇ ಎಂದು ನೋಡುತ್ತಾನೆ. ಕೊನೆಯವ ಲಾಗ್ ಬರೆಯುತ್ತಾನೆ.

ನಡುವಿನವನು? ಹೆಸರು ಬದಲಿಸುವ ಕಳ್ಳ!

ಯಾರೇ ಆರ್ಡರ್ ಕೊಟ್ಟರೂ ಲಾಗ್‌ಗೆ ಬೀಳುವುದು ಅತ್ತಿಗೆಯ ಹೆಸರು. ಕೂಲರ್ ಆರಿಸುವ ಅಧಿಕಾರ ಅತ್ತಿಗೆ ಬಿಟ್ಟರೆ ಒಬ್ಬನಿಗೇ ಇತ್ತು... ಕರೆಂಟ್ ಬಿಲ್ ಇಳಿಸಿ ಬಡ್ತಿ ಗಿಟ್ಟಿಸಲು ಹೊರಟಿದ್ದ ಮ್ಯಾನೇಜರ್!

ಆದರೆ ಸಾಕ್ಷಿ? ಅವನು ಇನ್ನೊಮ್ಮೆ ಆರ್ಡರ್ ಕೊಡಬೇಕಿತ್ತು.

"ಸಾರ್, ಆರಿಸಿದೋರ ಗುರುತು ಒಳಗಿನ ಸೆನ್ಸರ್‌ನಲ್ಲಿರತ್ತೆ," ಎಂದು ಸುಳ್ಳು ಬಿಟ್ಟು ಒಳಗೆ ಕಾಲಿಟ್ಟೆ. ಗಾಳ ಕಚ್ಚಿದ, ಬಾಗಿಲಿಗೆ ಲಾಕ್ ಆರ್ಡರ್ ಕೊಟ್ಟ!

ಈಗ ಬಾಗಿಲು ತಳ್ಳಿದೆ.

ತೆರೆಯಿತು!

ಎದುರಿಗೇ ಅವನು, ಕೈಯಲ್ಲಿ ಫೋನು.

"ಲಾಕ್ ಆಯ್ತು ಅಂತ ಬಂತಲ್ಲ..."

"ಹಾಗನ್ನೋಕೆ ನಾನೇ ಹೇಳಿಕೊಟ್ಟಿದ್ದೆ!"

ಓಟ ಕಿತ್ತ. ರಟ್ಟಿನ ಪೆಟ್ಟಿಗೆಗಳು ಉರುಳಿದವು. ಲಾರಿ ನಿಲ್ಲುವ ಕಟ್ಟೆಯ ಹತ್ತಿರ ಕಾಲರ್ ಹಿಡಿದು ಗೋಡೆಗೆ ಒತ್ತಿದೆ.

"ಇಡೀ ಸಿಸ್ಟಮ್ಮಿಗೇ ಒಬ್ಬ ಡೀಫಾಲ್ಟ್ ಕಾವಲುಗಾರನ್ನ ಇಟ್ಟಿದ್ದೆ ಕಣೋ. ಕ್ಲಾಸಿನವರಿಗಿಂತ ಡೀಫಾಲ್ಟ್‌ನವನೇ ಮೊದಲು! ನಿನ್ನ ಕಳ್ಳನ ಪಾಳಿ ಬರೋ ಮುಂಚೆ ನಿನ್ನ ಹೆಸರು ಬರ್ಕೊಂಡ. ಫೋನಿಗೆ 'ಆಯ್ತು' ಅಂದ. ಪ್ರೊಸೀಡ್ ಮಾತ್ರ ಅನ್ನಲೇ ಇಲ್ಲ!"

ಮಕ್ಕಳ ಲಸಿಕೆ ಕಣ್ಣ ಮುಂದೆ ಬಂತು. ಕೈ ಎತ್ತಿದೆ... ಕಷ್ಟಪಟ್ಟು ಇಳಿಸಿದೆ.

ಹೊರಗೆ ಪೊಲೀಸ್ ಜೀಪು ನಿಂತಿತು. ಅವನು ತೊದಲಿದ.

"ಮೊ... ಮೊದಲು ನಮ್ಮ ಲಾಯರ್‌ನ ಕರೆಸಿ..."

"ಸರದಿ ತಪ್ಪಿಸಬೇಡಿ ಸಾರ್," ಎಂದೆ. "ಮೊದಲು ಅತ್ತಿಗೆ."

ಗದ್ದಲ ಕೇಳಿ ಓಡಿಬಂದ ಅತ್ತಿಗೆ ಆಗಲೇ ತೋಳು ಏರಿಸುತ್ತಿದ್ದರು.